ಓನರ್ ಮೇಷ್ಟ್ರ ಆನೆ ನಡಿಗೆ

ಮೊನ್ನೆ ಮೊಮ್ಮಗಳು ಮೈಸೂರು ಟ್ರಿಪ್ಪಿನಿಂದ ಬೀಟೆ ಮರದ ಪುಟ್ಟ ಆನೆ ತಂದು ನನ್ನ ಕೈಗಿಟ್ಟಳು. ಹಿಂಗಾಲು ನೋಡಿದವನೇ, "ಇದು ಆನೆ ಕಾಲಲ್ಲ, ಹಸು ಕಾಲು" ಅಂದುಬಿಟ್ಟೆ. ಪಾಪ, ಮಗು ಮುಖ ಚಿಕ್ಕದು ಮಾಡಿಕೊಂಡಿತು. ಆ ಮಾತು ನನ್ನದಲ್ಲ... ನಮ್ಮ ಓನರ್ ಮೇಷ್ಟ್ರದ್ದು.

ಎಂಬತ್ತರ ದಶಕದ ಶುರುವಿನಲ್ಲಿ, ಬನಶಂಕರಿಯಲ್ಲಿ, ಅವರ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿ ರಿಟೈರಾದವರು. ಅವರ ಶೋಕೇಸಿನಲ್ಲೂ ಯಾರೋ ಶಿಷ್ಯರು ಕೊಟ್ಟ ಇಂಥದ್ದೇ ಆನೆಯಿತ್ತು. ಮನೆಗೆ ಬಂದವರಿಗೆ ಅದರ ತಪ್ಪು ತೋರಿಸದೆ ಕಾಫಿ ಕೊಡುತ್ತಿರಲಿಲ್ಲ ಮಹಾರಾಯರು. ಆನೆಯ ಹಿಂಗಾಲಿನ ಮಂಡಿ ನಮ್ಮದರ ಹಾಗೆ ಮುಂದಕ್ಕೆ ಬಾಗುತ್ತೆ, ಪಾದದಡಿ ಕೊಬ್ಬಿನ ಮೆತ್ತೆಯಿದೆ, ಅದಕ್ಕೇ ಅಷ್ಟು ಭಾರವಿದ್ದರೂ ಸದ್ದಿಲ್ಲ, ಎಷ್ಟೇ ಅವಸರವಾದರೂ ನಾಲ್ಕೂ ಕಾಲು ಒಟ್ಟಿಗೆ ನೆಲ ಬಿಡಲ್ಲ... ಕೇಳಿ ಕೇಳಿ ನನಗೆ ಬಾಯಿಪಾಠವಾಗಿತ್ತು.

ಒಂದು ದಿನ ಬಸ್ಸಿಳಿಯುವಾಗ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಮನೆಗೆ ಎರಡು ಊರುಗೋಲು ಬಂದವು. ಅಷ್ಟರಲ್ಲಾಗಲೇ ಮಗಳ ಮದುವೆ ಗೊತ್ತಾಗಿತ್ತು. ಅಪ್ಪನಿಗೆ ನಿಲ್ಲೋಕಾಗಲ್ಲವಲ್ಲ, ಹುಡುಗಿಯ ಚಿಕ್ಕಪ್ಪನೇ ಧಾರೆ ಎರೆಯಲಿ ಅಂದರಂತೆ ಗಂಡಿನ ಕಡೆಯವರು. ಅವತ್ತು ಮೇಷ್ಟ್ರು ಊಟ ಮುಟ್ಟಲಿಲ್ಲ. "ಬದುಕಿರೋ ಅಪ್ಪ ಕಣ್ರೀ ನಾನು. ನಿಂತೇ ಎರೀತೀನಿ" ಅಂದರು.

ಆಮೇಲೆ ಶುರುವಾಯಿತು ನನ್ನ ಗ್ರಹಚಾರ. ಆಫೀಸಿನಿಂದ ಬಸ್ಸಿನಲ್ಲಿ ನೇತಾಡಿಕೊಂಡು ಬಂದು ಚಪ್ಪಲಿ ಬಿಡುವಷ್ಟರಲ್ಲಿ ಕಿಟಕಿಯಿಂದ ಕೂಗು. ಬೀದಿ ಕೊನೆಯವರೆಗೂ ಅವರ ಜೊತೆ ನಡೆಯಬೇಕು. "ನೋಡ್ರೀ, ಎರಡು ಕಾಲು, ಎರಡು ಕೋಲು. ಒಂದನ್ನ ಎತ್ತಿದ್ರೆ ಮೂರು ನೆಲದ ಮೇಲೆ. ನಿಧಾನಕ್ಕೆ ಹೋಗೋ ಆನೆ ಹೀಗೇ." ಕೋಲು, ಕಾಲು, ಕೋಲು, ಕಾಲು... ಸಾಕಪ್ಪಾ ಸಾಕು ಅನ್ನಿಸುತ್ತಿತ್ತು. ಬೈದುಕೊಂಡೇ ಹೋಗುತ್ತಿದ್ದೆ.

ಮದುವೆ ದಿನ ಛತ್ರದ ಬಾಗಿಲಿಂದ ಮಂಟಪದವರೆಗೆ ಅವರೇ ನಡೆದರು. ಯಾರನ್ನೂ ಮುಟ್ಟಗೊಡಲಿಲ್ಲ. ಪುರೋಹಿತರು ಚೆಂಬು ಕೊಟ್ಟರು. ಒಂದು ಕಡೆ ಅವರ ಹೆಂಡತಿ ಹಿಡಿದರು, ಇನ್ನೊಂದು ಕಡೆ ಮೇಷ್ಟ್ರು ಹಿಡಿಯಬೇಕು. ಆಗಲೇ ಹೊಳೆದದ್ದು ನಮಗೆ, ಧಾರೆ ಎರೆಯೋಕೆ ಕೈ ಬೇಕು! ಅಷ್ಟು ದಿನವೂ ಬರೀ ಕಾಲಿನದೇ ಚಿಂತೆ. ಒಂದು ಕೋಲು ಬಿಟ್ಟರೂ ಅವರು ವಾಲುತ್ತಿದ್ದರು. "ಆನೆಗೆ ಸೊಂಡಿಲಿದೆ ಕಣ್ರೀ..." ಅಂದರು ನನ್ನ ಕಡೆ ತಿರುಗಿ. ಯಾರೋ ಕುರ್ಚಿ ತಂದರು. ಚಿಕ್ಕಪ್ಪ ಶಲ್ಯ ಸರಿಮಾಡಿಕೊಂಡು ಮುಂದೆ ಬಂದರು.

ನನಗೆ ಏನನ್ನಿಸಿತೋ, ಮಂಟಪ ಹತ್ತಿ ಊರುಗೋಲು ಕಿತ್ತುಕೊಂಡು ಪಕ್ಕಕ್ಕಿಟ್ಟೆ. ಅವರ ಬೆನ್ನಿಗೆ ನನ್ನ ಬೆನ್ನು ಹಚ್ಚಿ ನಿಂತು, "ಒರಗಿಕೊಳ್ಳಿ ಸಾರ್" ಅಂದೆ. ಅವರ ಭಾರವೆಲ್ಲ ನನ್ನ ಮೇಲೆ ಬಂತು. ಗಟ್ಟಿಮೇಳ ಮೊಳಗಿತು. ಧಾರೆ ನಾನು ನೋಡಲೇ ಇಲ್ಲ, ನನ್ನ ಮುಖ ಅಡುಗೆಮನೆ ಕಡೆಗಿತ್ತು. ಅವರು ಬಿಕ್ಕುತ್ತಿದ್ದದ್ದು ಮಾತ್ರ ಬೆನ್ನಿಗೆ ಗೊತ್ತಾಯಿತು.

ಮೇಷ್ಟ್ರು ಹೋದಾಗ ನಾನು ವರ್ಗವಾಗಿ ದೂರದ ಊರಲ್ಲಿದ್ದೆ. ಸುದ್ದಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು, ಹೆಗಲು ಕೊಡಲಾಗಲಿಲ್ಲ. ಈಗ ನನಗೇ ಮೆಟ್ಟಿಲು ಹತ್ತಿದರೆ ಸುಸ್ತು, ಹೊತ್ತುಕೊಳ್ಳುವ ತ್ರಾಣ ಎಲ್ಲಿದೆ... ಆದರೂ ಕೆಲವು ಸಂಜೆ ಗೋಡೆಗೆ ಒರಗಿ ಕೂತಾಗ, ಆ ಭಾರ ಇನ್ನೊಂದು ಸಲ ಬೆನ್ನ ಮೇಲೆ ಬರಬಾರದೇ ಅಂತ ಸಂಕಟವಾಗುತ್ತೆ.