ತೂಬಿನ ಹಿಂದಿನ ಪೊಟರೆ

ನೀರಿನೊಳಗೆ ಲೇಸರ್ ಬಿಟ್ಟು ಅಳೆಯುವುದು ನನ್ನ ಕೆಲಸ ಎಂದರೆ ನಮ್ಮ ಕಡೆಯವರು ಮೊದಲು ನಗುತ್ತಾರೆ. ಪಾವಗಡದ ನೆಂಟರೊಬ್ಬರು ಮದುವೆ ಊಟದ ಪಂಕ್ತಿಯಲ್ಲೇ, "ಮೊದ್ಲು ನೀರು ಎಲ್ಲೈತೆ ಅಂತ ಅಳ್ದು ಹೇಳಮ್ಮ, ಆಮ್ಯಾಕೆ ಲೇಸರ್ ಬುಡುವಂತೆ" ಎಂದು ಇಡೀ ಸಾಲನ್ನೇ ನಗಿಸಿದ್ದರು. ನಾನೂ ನಕ್ಕೆ. ಅವರು ಹೇಳಿದ್ದರಲ್ಲಿ ಸುಳ್ಳೇನಿತ್ತು?

ಆದರೂ ಕೆಲಸ ಸಿಗುತ್ತದೆ. ಸಿರಾ ಕಡೆಯ ಸೇತುವೆಗಳ ಬುಡ, ಮಧುಗಿರಿಯ ಹಳೇ ಬಾವಿಗಳ ಗೋಡೆ. ಯಂತ್ರವನ್ನು ಕಂಬಿಗೆ ಕಟ್ಟಿ ನೀರಿಗಿಳಿಸುತ್ತೇವೆ. ಅದು ಹಸಿರು ಬೆಳಕಿನ ಗೆರೆಯೊಂದನ್ನು ಗೋಡೆಯ ಮೇಲೆ ನಿಧಾನವಾಗಿ ಎಳೆಯುತ್ತದೆ; ಪಕ್ಕದ ಕ್ಯಾಮೆರಾ ಆ ಗೆರೆ ಎಲ್ಲಿ ಬಾಗಿತು, ಎಲ್ಲಿ ಮುರಿಯಿತು ಎಂದು ನೋಡಿ ಚುಕ್ಕಿ ಇಡುತ್ತಾ ಹೋಗುತ್ತದೆ. ಲಕ್ಷಗಟ್ಟಲೆ ಚುಕ್ಕಿ ಸೇರಿದಾಗ ಲ್ಯಾಪ್‌ಟಾಪಿನಲ್ಲಿ ಕಲ್ಲಿನ ಸಂದುಗೊಂದೆಲ್ಲ ಮೂಡುತ್ತದೆ. ನೀರು ಕದಡಿದ್ದರೆ ಮಾತ್ರ ಏನೂ ಕಾಣದು, ಮಂಜಿನಲ್ಲಿ ಬಸ್ಸಿನ ಹೆಡ್‌ಲೈಟ್ ಹಾಕಿದ ಹಾಗೆ.

ಹೊಳವನಹಳ್ಳಿಯಿಂದಾಚೆ ನನ್ನ ಚಿಕ್ಕಮ್ಮನ ಊರು. ಎಷ್ಟೋ ವರ್ಷದ ಮೇಲೆ ಅಲ್ಲಿಯ ಕೆರೆ ತುಂಬಿ ಕೋಡಿ ಹರಿಯಿತು. ಹೆಂಗಸರೆಲ್ಲ ಸೇರಿ ಬಾಗಿನ ಬಿಟ್ಟರು. ಹಾಗೆ ಕೈಮುಗಿದ ಜನವೇ ಮಾರನೆಯ ದಿನ, ಹರಿದುಹೋಗುವ ನೀರನ್ನು ನೋಡಲಾರದೆ ಕೋಡಿಯ ಮೇಲೆ ಮರಳು ಮೂಟೆ ಪೇರಿಸಿದರು. ಚಿಕ್ಕಮ್ಮನೂ ಹೊತ್ತಳು. ಅವಳ ಗದ್ದೆ, ಕೆರೆಯ ನೀರನ್ನು ಹೊಲಗಳಿಗೆ ಬಿಡುವ ತೂಬಿನ ಕೆಳಗೇ ಇದೆ. ಮದುವೆಯಾಗಿ ಬಂದ ಹೊಸತರಲ್ಲಿ ಬಿಟ್ಟರೆ ಅಲ್ಲಿ ಭತ್ತ ಬೆಳೆದದ್ದಿಲ್ಲ. ಕೆರೆ ತುಂಬಿದ ಆ ವರ್ಷ ಸಸಿಗೆಂದು ಒಟ್ಲು ಬಿಟ್ಟು, ಹಸಿರು ಪೈರಿನ ಫೋಟೋ ತೆಗೆಸಿ ನನಗೆ ಕಳಿಸಿದ್ದಳು.

ಆಮೇಲೆ ಏರಿಯ ಹಿಂಬದಿಯಲ್ಲಿ ನೀರು ಜಿನುಗತೊಡಗಿತು. ಏರಿಯ ಕೆಳಗಿನ ಬೀದಿಯಲ್ಲೇ ಚಿಕ್ಕಮ್ಮನ ಮನೆ. ಮೂಟೆ ತೆಗೆಸಿದರೂ ಜಿನುಗು ನಿಲ್ಲಲಿಲ್ಲ. ತೂಬಿನ ಒಳಗೋಡೆ ಹೇಗಿದೆ ನೋಡಿಕೊಡಿ ಎಂದು ನೀರಾವರಿ ಇಲಾಖೆಯ ಇಂಜಿನಿಯರು ನಮ್ಮ ಸಣ್ಣ ಕಂಪನಿಗೆ ಹೇಳಿದರು. ನಾನೇ ಹೋದೆ.

ಮೊದಲ ದಿನ ಬರೀ ಮಬ್ಬು. ಒಂದು ಕಡೆ ಎಮ್ಮೆಗಳು ಮುಳುಗೇಳುತ್ತಿದ್ದವು, ಇನ್ನೊಂದು ಕಡೆ ಬಟ್ಟೆ ಒಗೆಯುತ್ತಿದ್ದರು. ನೀರು ತಿಳಿಯಾಗದೆ ಆಗುವುದಿಲ್ಲ ಎಂದು ಊಟಕ್ಕೆ ಕೂತಾಗ ಚಿಕ್ಕಮ್ಮನಿಗೆ ಹೇಳಿದ್ದೇ ತಪ್ಪಾಯಿತು. ಮಾರನೆಯ ದಿನ ಬೆಳಗ್ಗೆಯೇ ಕೈಯಲ್ಲಿ ಕೋಲು ಹಿಡಿದು ಏರಿಯ ಮೇಲೆ ಕೂತುಬಿಟ್ಟಳು.

"ಲೇ, ಎಮ್ಮೆ ಇಳುಸ್‌ಬ್ಯಾಡ ಕಣ್ಲಾ. ನಮ್ ಹುಡುಗಿ ಮಿಷನ್ ಬುಡ್ತಾಳೆ, ನೀರು ತಿಳಿ ಆಗ್ಲಿ."

ಬಟ್ಟೆಯ ಗಂಟು ಹೊತ್ತು ಬಂದವರನ್ನೂ ಬೈದು ವಾಪಸ್ ಕಳಿಸಿದಳು. ಬಿಸಿಲಲ್ಲಿ ಯಾಕೆ ಕೂತಿದ್ದೀಯ ಎಂದರೆ, "ನೀನು ಚೆನ್ನಾಗಿ ನೋಡಿ, ಏನೂ ಆಗಿಲ್ಲ ಅಂತ ಹೇಳ್ಬುಡು. ಇಲ್ದಿದ್ರೆ ಈ ಆಫೀಸ್‌ನೋರು ನೀರು ಬುಟ್ಬುಡ್ತಾರೆ" ಎಂದಳು. ಯಂತ್ರ ತನ್ನ ಪರವಾಗಿ ಸಾಕ್ಷಿ ಹೇಳುತ್ತದೆ ಎಂದೇ ಅವಳು ನಂಬಿದ್ದಳು.

ಅವಳ ಕಾವಲಿನಿಂದ ನೀರು ತಿಳಿಯಾಯಿತು. ತೂಬಿನ ಎಡಕ್ಕೆ ಕಲ್ಲುಗಳು ಕಳಚಿ ಹೋಗಿದ್ದವು. ಅವುಗಳ ಹಿಂದೆ ಒಬ್ಬ ಆಳು ಕುಕ್ಕರುಗಾಲಲ್ಲಿ ಕೂರುವಷ್ಟು ಪೊಟರೆ. ಹಸಿರು ಗೆರೆ ಅಲ್ಲಿಗೆ ಬಂದು ಮುರಿದು ಒಳಗೆ ಹೋಗುತ್ತಿತ್ತು. ನೆರಳಿರಬಹುದು ಎಂದು ಯಂತ್ರದ ಜಾಗ ಬದಲಿಸಿ ಮತ್ತೆ ಅಳೆದೆ. ದೇವರ ಹತ್ತಿರ ಏನನ್ನೂ ಕೇಳದ ನಾನು ಅವತ್ತು, ಅದು ನೆರಳಾಗಿರಲಿ ಎಂದು ಕೇಳಿಕೊಂಡೆ. ನೆರಳಾಗಿರಲಿಲ್ಲ.

"ಚೆನ್ನಾಗೈತೆ ಅಲ್ವಾ?" ಚಿಕ್ಕಮ್ಮ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದಳು.

"ಇಲ್ಲ ಚಿಕ್ಕಮ್ಮ. ಒಳಗೆ ಮಣ್ಣು ಕೊಚ್ಕೊಂಡು ಹೋಗಿದೆ. ಏರಿ ಒಡೆದ್ರೆ ನೀರು ಮೊದ್ಲು ನಿನ್ನ ಮನೆಗೇ ನುಗ್ಗೋದು."

ಅವಳು ಪರದೆಯನ್ನು ಬಹಳ ಹೊತ್ತು ನೋಡಿದಳು. "ಬರೀ ಚುಕ್ಕಿ ಐತೆ" ಎಂದಳು.

ನನ್ನ ವರದಿ ನೋಡಿದ ಇಂಜಿನಿಯರು ಕೆರೆ ಬರಿದು ಮಾಡಲು ಹೇಳಿದರು. ತೂಬಿನ ಬಾಗಿಲು ತುಕ್ಕು ಹಿಡಿದು ಕೂತಿತ್ತು. ಅದನ್ನು ಅಲುಗಾಡಿಸುವ ಧೈರ್ಯ ಯಾರಿಗೂ ಇರಲಿಲ್ಲ. ಜೆಸಿಬಿ ತರಿಸಿ ಕೋಡಿಯ ಪಕ್ಕದಲ್ಲಿ ಏರಿಯನ್ನೇ ಆಳಕ್ಕೆ ಕಿತ್ತರು. ಊರಿನವರು ಹರಿಯುವ ನೀರಿಗೆ ಸೀರೆ ಅಡ್ಡ ಹಿಡಿದು ಮೀನು ಬಾಚಿಕೊಂಡರು. ನಾಟಿಗೆ ಬಂದಿದ್ದ ಪೈರು ಒಟ್ಲಲ್ಲೇ ಒಣಗಿತು. ನಾನು ಹೋದಾಗಲೆಲ್ಲ ಚಿಕ್ಕಮ್ಮ ಮೊದಲಿನಂತೆಯೇ ಮುದ್ದೆ ಬಡಿಸಿದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ತಳದಲ್ಲಿ ಉಳಿದಿದ್ದ ನೀರೂ ಬೇಸಿಗೆಗೆ ಆರಿದಾಗ ಊರವರೆಲ್ಲ ಆ ಪೊಟರೆ ನೋಡಲು ಇಳಿದರು. ನನ್ನನ್ನೂ ಕರೆದಿದ್ದರು. ಅಷ್ಟರಲ್ಲಿ ಹೂಳು ಜಾರಿ ಬಂದು ಬಾಯಿ ಮುಚ್ಚಿತ್ತು. ಒಬ್ಬಾತ ಗಳ ಚುಚ್ಚಿ ನೋಡಿ, "ಎಲ್ಲಮ್ಮ ತೂತು?" ಎಂದ. ನಾನು ಬಣ್ಣದ ಚಿತ್ರ ತೋರಿಸಿದೆ. ಅವರು ಚಿತ್ರ ನೋಡಿದರು, ಹೂಳು ನೋಡಿದರು, ಕೊನೆಗೆ ನನ್ನ ಮುಖ ನೋಡಿದರು. ಅಗೆಸಿ ತೋರಿಸೋಣ ಎಂದರೆ, ರಿಪೇರಿಗೆ ಮಂಜೂರಾತಿ ಬರಲಿ, ಆಗ ಹೇಗೂ ಅಗೆಯುತ್ತೇವಲ್ಲ ಎಂದರು ಇಂಜಿನಿಯರು. ಅವರಿಗೆ ವರ್ಗವಾಯಿತು. ಹೊಸಬರು ಬಂದು ನನ್ನಿಂದ ಅದೇ ಫೈಲು ತರಿಸಿಕೊಂಡರು. ಅವರಿಗೂ ವರ್ಗವಾಯಿತು. ಕಿತ್ತ ಏರಿ ಹಾಗೇ ಬಾಯಿ ತೆರೆದುಕೊಂಡಿದೆ. ಅದನ್ನು ಮುಚ್ಚಲು ಲೇಸರೇನೂ ಬೇಕಿರಲಿಲ್ಲ. ಒಂದಷ್ಟು ಮಣ್ಣು, ಕಲ್ಲು ಸಾಕಿತ್ತು.

ಮೊನ್ನೆ ಮುಂಗಾರಿನಲ್ಲಿ ಬೆಳಗ್ಗೆ ಚಿಕ್ಕಮ್ಮನ ಫೋನು ಬಂತು.

"ಒಳ್ಳೆ ಮಳೆ ಕಣಮ್ಮ. ಕೆರೆಗೆ ನೀರು ಬಂತು."

ಎಷ್ಟು ಬಂತು ಎಂದು ಕೇಳಿದೆ.

"ಆ ಕಡೆಯಿಂದ ಬಂತು, ಕಿತ್ತಿರೋ ಜಾಗದಾಗೆ ಹೊಂಟೋಯ್ತು. ನಿಂತ್ಕಂಡು ನೋಡ್ದೆ." ಆಮೇಲೆ ಅಂದಳು, "ಒಂದ್ ಮಾತು ಕೇಳ್ತೀನಿ, ಬೇಜಾರ್ ಮಾಡ್ಕಬ್ಯಾಡ. ಅವತ್ತು ಆ ತೂತು ನಿಜ್ವಾಗ್ಲೂ ಇತ್ತಾ?"

"ಇತ್ತು ಚಿಕ್ಕಮ್ಮ."

"ಯಾರ್ ಕೇಳಿದ್ರೂ ಇತ್ತು ಅಂತ್ಲೇ ಹೇಳಮ್ಮ" ಎಂದಳು. "ಇರ್ಲಿಲ್ಲ ಅಂದ್ರೆ ನಾನು ಹೆಂಗೆ ತಡ್ಕಳ್ಳಿ."