ಮೈಕಿನ ಕಾಕಾ ಅರ್ಧಕ್ಕೆ ನಿಲ್ಲಿಸಿದ ಭಾಷಣ

ನಿನ್ನೆ ಬೆಳಿಗ್ಗೆ ಪ್ರಚಾರದ ಆಟೋವೊಂದು ನನ್ನ ಝೆರಾಕ್ಸ್ ಅಂಗಡಿಯ ಮುಂದೆ ಬಂದು ನಿಂತಿತು. ಹಿಂದಿನ ಸೀಟಿನಲ್ಲಿದ್ದ ಆಂಪ್ಲಿಫೈಯರ್ ಕಾದು, ಸುಟ್ಟ ಧೂಳಿನ ವಾಸನೆ ಒಳಗೆ ನುಗ್ಗಿತು. ಮೈಕಿನ ಕಾಕಾ ಬಂದು ನಿಂತರೆ ಅವರ ಅಂಗಿಯಿಂದ ಬರುತ್ತಿದ್ದ ವಾಸನೆ ಅದು…

ಸವದತ್ತಿಯಲ್ಲಿ ಏನೇ ಸುದ್ದಿ ಊರಿಗೆ ತಿಳಿಯಬೇಕಾದರೂ ಮೈಕ್ ಕಟ್ಟಿದ ಕಾಕಾನ ಆಟೋ ಹೊರಡಬೇಕಿತ್ತು. ನಾಳೆ ನಳಕ್ಕೆ ನೀರು ಬರುವುದಿಲ್ಲ, ಯಾರದೋ ಎಮ್ಮೆ ಕಳೆದಿದೆ, ಯಾರೋ ತೀರಿಕೊಂಡಿದ್ದಾರೆ. ಮೈಕಿನಲ್ಲಿ ಓದುವ ಚೀಟಿ ಬರೆಸಲು ನನ್ನ ಹತ್ತಿರ ಬರುತ್ತಿದ್ದರು. ಸಾವಿನ ಸುದ್ದಿಯಾದರೆ ಪಕ್ಕದಲ್ಲೇ ನಿಂತು ತಿದ್ದಿಸುತ್ತಿದ್ದರು. "ತಮ್ಮಾ, ಅವ್ರು ಲಿಂಗಾಯತ್ರು. ಲಿಂಗೈಕ್ಯರಾದ್ರು ಅಂತ ಬರಿ. ಬರೇ ಸತ್ರು ಅಂದ್ರ ಮನಿಯವ್ರಿಗೆ ಕೆಟ್ಟ ಅನಸ್ತೈತಿ." ನಾನೇ ಲಿಂಗಾಯತ. ನಮ್ಮ ಮಾತನ್ನು ನನಗೆ ಹೇಳಿಕೊಡುತ್ತಿದ್ದ ಕಾಕಾ ಮುಸಲ್ಮಾನರು.

ಚುನಾವಣೆ ಬಂದರೆ ಎಲ್ಲ ಪಕ್ಷದವರಿಗೂ ಅವರೇ ಬೇಕು. ಆದರೆ ಸಾವಾದ ಮನೆಯ ಮುಂದೆ ಯಾರ ಪ್ರಚಾರವಿದ್ದರೂ ಮೈಕ್ ಬಂದ್. ಒಮ್ಮೆ ಅಭ್ಯರ್ಥಿಯೊಬ್ಬರು ಸಿಡಿಮಿಡಿಗೊಂಡಾಗ, "ಸಾಹೇಬ್ರ, ಸತ್ತವ್ರ ಓಟು ನಿಮಗ ಬರೂದಿಲ್ಲ, ಸುಮ್ನ ಕುಂದರ್ರಿ" ಅಂದಿದ್ದರು. ಊರೆಲ್ಲ ನಕ್ಕಿತ್ತು.

ಒಂದು ಚುನಾವಣೆಯಲ್ಲಿ ನಮ್ಮಣ್ಣ ಒಬ್ಬ ಅಭ್ಯರ್ಥಿಯ ಬಲಗೈ ಆಗಿದ್ದ. ರಸ್ತೆ ಮಾಡಿದೆ, ಕಾಲುವೆಗೆ ನೀರು ಬಿಡಿಸಿದೆ ಎಂದು ಹೇಳಿಕೊಳ್ಳಲು ಆ ಪುಣ್ಯಾತ್ಮನ ಹತ್ತಿರ ಏನೂ ಇರಲಿಲ್ಲ. ಅದಕ್ಕೇ ಎಲ್ಲಿಂದಲೋ ಒಬ್ಬ ಮಾತುಗಾರನನ್ನು ಕರೆಸಿ, ನಮ್ಮ ಮನೆಯ ಪಡಸಾಲೆಯಲ್ಲೇ ಕೂರಿಸಿ, ಭಾಷಣ ರೆಕಾರ್ಡ್ ಮಾಡಿಸಿದರು. ಮುಸಲ್ಮಾನರ ಅಂಗಡಿಗೆ ಕಾಲಿಡಬೇಡಿ, ಅವರ ಗಾಡಿ ಹತ್ತಬೇಡಿ, ಅವರು ಈ ಮಣ್ಣಿನವರಲ್ಲ. ನಡುನಡುವೆ ಅವರ ಗಡ್ಡದ ಮೇಲೆ, ಅವರ ಹೆಂಗಸರ ಮೇಲೆ ಹೊಲಸು ಕುಚೋದ್ಯ. ಹತ್ತು ಹನ್ನೆರಡು ಮಂದಿ ಸುತ್ತ ಕುಳಿತು ಕೇಳಿದೆವು. ಥೂ! ನೆನೆಸಿಕೊಂಡರೆ ಇವತ್ತಿಗೂ ಮೈ ಉರಿಯುತ್ತದೆ.

ಅದನ್ನು ಊರಲ್ಲಿ ಹಾಕಲು ಅಣ್ಣ ಆರಿಸಿದ್ದು ಯಾರನ್ನು? ಕಾಕಾನನ್ನೇ. ಭಾಷಣದಲ್ಲಿ ಬರುವ 'ಅವರು' ಯಾರೋ ಬೇರೆ, ಕಾಕಾ ಅಂದರೆ ನಮ್ಮ ಕಾಕಾ, ಅಷ್ಟೇ ಅವನ ತಲೆಯಲ್ಲಿದ್ದದ್ದು. ಆ 'ಅವರು' ಅಂದರೆ ಕಾಕಾನೂ ಹೌದು ಎಂದು ನನಗೆ ಹೊಳೆದಿತ್ತು. ಹೊಳೆದರೂ ಬಾಯಿ ಬಿಡದೆ, ಮರುದಿನ ಪೆನ್ ಡ್ರೈವ್ ಅವರ ಕೈಗೆ ಕೊಟ್ಟೆ.

ಮೊದಲ ಸುತ್ತನ್ನು ಕಾಕಾ ಯಾವಾಗಲೂ ತಮ್ಮ ಓಣಿಯಿಂದಲೇ ಶುರು ಮಾಡುತ್ತಿದ್ದರು. ಅಂಗಡಿಯಲ್ಲಿ ಕುಳಿತ ನನಗೆ ದೂರದಿಂದ ಭಾಷಣ ಕೇಳಿಸಿತು. ಎರಡು ನಿಮಿಷವಾಗಿರಬೇಕು, ಅರ್ಧ ಮಾತಿಗೇ ನಿಂತುಹೋಯಿತು.

ಸ್ವಲ್ಪ ಹೊತ್ತಿಗೆ ಕಾಕಾ ಬಂದು ಪೆನ್ ಡ್ರೈವ್ ಅನ್ನು ಮೇಜಿನ ಮೇಲೆ ಇಟ್ಟರು. "ನಮ್ಮ ಮನಿ ಮುಂದನ ಹಚ್ಚೀನಿ ತಮ್ಮಾ ಇದನ್ನ. ನಿನ್ನ ಚಾಚಿ ಬಾಗಲದಾಗ ನಿಂತಿದ್ಲು." ಆಮೇಲೆ ಕೇಳಿದರು, "ಇದರಾಗ ಏನೈತಿ ಅಂತ ನಿನಗ ಗೊತ್ತಿತ್ತೇನು?"

"ಇಲ್ಲ ಕಾಕಾ, ಆಣಿ ಮಾಡಿ ಹೇಳತೇನಿ," ಅಂದೆ.

ಅವರು ನನ್ನ ಮುಖವನ್ನೇ ನೋಡಿದರು. "ಆತು ಬಿಡು," ಎಂದು ಹೊರಟುಹೋದರು.

ಮೈಕ್ ಬಂದ್ ಮಾಡಿ ನಮ್ಮ ಧರ್ಮಕ್ಕೆ ಅವಮಾನ ಮಾಡಿದ ಎಂದು ಅಣ್ಣನ ಕಡೆಯವರು ಊರೆಲ್ಲ ಹಬ್ಬಿಸಿದರು. ಆಮೇಲೆ ಯಾರೂ ಕಾಕಾನನ್ನು ಕರೆಯಲಿಲ್ಲ. ತಮ್ಮ ಅಪ್ಪ ಅಮ್ಮಂದಿರ ಸಾವನ್ನು ಅವರ ಬಾಯಿಂದ ಹೇಳಿಸಿದ ಮನೆಗಳೇ ಬೈಲಹೊಂಗಲದಿಂದ ಬೇರೆ ಆಟೋ ತರಿಸಿದವು. ಎಂಥ ನಾಚಿಕೆಗೆಟ್ಟ ಮಂದಿ ನಾವು! ವರ್ಷದೊಳಗೆ ಕಾಕಾ ಮೈಕ್ ಸೆಟ್ ಮಾರಿ ಮುನವಳ್ಳಿಗೆ, ಮಗಳ ಮನೆಗೆ ಹೋದರು. ಆ ಅಭ್ಯರ್ಥಿ ಗೆದ್ದ. ನಾನು ಗುಲಾಲು ಹಚ್ಚಿಕೊಂಡು ಮೆರವಣಿಗೆಯಲ್ಲಿ ನಡೆದೆ.

ನಿನ್ನೆಯ ಆಟೋದಿಂದ ಬಂದದ್ದೂ ಅಂಥದೇ ಮಾತು. ದನಿ ಹೊಸದು, ಹೊಲಸು ಹಳೆಯದೇ. ಸಿಟ್ಟು ನೆತ್ತಿಗೇರಿತು. ಹೊರಗೆ ಬಂದು ಡ್ರೈವರನಿಗೆ ಬೈದೆ, ಅವನು ನಕ್ಕು ಮುಂದೆ ಹೋದ. ಶಟರ್ ಎಳೆದು ಮುನವಳ್ಳಿ ಬಸ್ಸು ಹತ್ತಿದೆ. ಇಷ್ಟು ವರ್ಷ ಮುಚ್ಚಿಟ್ಟ ಸುಳ್ಳನ್ನು ಕಾಕಾನ ಮುಂದೆ ಒಪ್ಪಿಕೊಳ್ಳಬೇಕಿತ್ತು.

ಬಾಗಿಲು ತೆರೆದವರು ಚಾಚಿ. ಕಾಕಾ ತೀರಿಕೊಂಡು ಎರಡು ವರ್ಷವಾಯಿತಂತೆ. ನಮಗ್ಯಾರಿಗೂ ಸುದ್ದಿಯೇ ಇಲ್ಲ…

"ಚಾಚಿ, ಆವತ್ತ ನಾ ಸುಳ್ಳ ಹೇಳಿದ್ನಿ. ನನಗೆಲ್ಲಾ ಗೊತ್ತಿತ್ತು," ಅಂದೆ.

ಚಾಚಿ ನನ್ನ ಮುಂದೆ ಚಹಾ ಇಟ್ಟರು. "ಅವರಿಗೂ ಗೊತ್ತಿತ್ತಪಾ. ಆ ಭಾಷಣದಾಗ ಹಿಂದ ಮಂದಿ ನಗೂದು ಕೇಳತೈತಲ್ಲ, ಅದರಾಗ ನಿನ್ನ ನಗಿ ಗುರ್ತ ಹಿಡಿದಿದ್ರು. ತಾನಾಗೇ ಹೇಳತಾನೇನು ನೋಡೂಣು ಅಂತ ನಿನ್ನ ಅಂಗಡಿಗೆ ಬಂದಿದ್ರು."

ಹೌದು, ನಕ್ಕಿದ್ದೆ. ಗಡ್ಡದ ಕುಚೋದ್ಯಕ್ಕೆ ಎಲ್ಲರಿಗಿಂತ ಜೋರಾಗಿ ನಕ್ಕವನು ನಾನೇ. ನನ್ನನ್ನು ಬೈಯಬೇಕಾದ ಕಾಕಾ ಇಲ್ಲ. ನಾನೇ ಬೈದುಕೊಂಡರೆ ಏನು ಬಂತು…