ಪೂಜೆಗಿಟ್ಟ ಸುತ್ತಿಗೆ

ಮೂರ್ನಾಡಿನ ಗುರುವಪ್ಪ ಮೊದಲು ಎತ್ತಿನಗಾಡಿ ರಿಪೇರಿ ಮಾಡುತ್ತಿದ್ದ. ಎಸ್ಟೇಟ್ ದೊರೆಗಳ ಮೋಟಾರ್ ಸೈಕಲ್‌ಗಳು ಬಂದ ಮೇಲೆ ಆ ಕೆಲಸವನ್ನೂ ಕಲಿತ. ಕೈ ಚೆನ್ನಾಗಿತ್ತು, ಬಾಯಿ ಮಾತ್ರ ಅಂಜುಬುರುಕ. ಯಾರಿಗೂ ‘ಆಗುವುದಿಲ್ಲ’ ಎನ್ನಲು ಬರುತ್ತಿರಲಿಲ್ಲ. ಊರವರು ಅದನ್ನು ಒಳ್ಳೆಯತನ ಎಂದುಕೊಂಡಿದ್ದರು. ನಾನು ಹಾಗೆನ್ನುವುದಿಲ್ಲ.

ಸಿದ್ದಾಪುರದ ಎಸ್ಟೇಟುಗಳಲ್ಲಿ ಜ್ವರದವರಿಗೆ ಮದ್ದು ಕೊಡುವ ಕಂಪೌಂಡರ್ ಪದ್ಮಯ್ಯ ಆಯುಧಗಳನ್ನು ಪೂಜಿಸುವ ಕೈಲುಮುಹೂರ್ತದ ಹಬ್ಬದ ಹಿಂದಿನ ದಿನ ತಮ್ಮ ಮೋಟಾರ್ ಸೈಕಲ್ ತಂದು ಬಿಟ್ಟರು. ಮುಂದಿನ ಚಕ್ರ ಹಿಡಿದು ಅಲುಗಿಸಿದರೆ ಲಟಲಟ ಎನ್ನುತ್ತಿತ್ತು. ಬೇರಿಂಗ್ ಸವೆದಿತ್ತು. ಗುರುವಪ್ಪ ಚಕ್ರ ಬಿಚ್ಚಿಟ್ಟು, ಮೈಸೂರಿನಿಂದ ಬರಬೇಕಿದ್ದ ಹೊಸ ಬೇರಿಂಗಿಗೆ ಕಾದ. ಅದು ಬಸ್ಸಿನಲ್ಲಿ ಬಂದು ತಲುಪುವಷ್ಟರಲ್ಲಿ ಹೆಂಡತಿ ಪೂವಮ್ಮ ಅವನ ಸುತ್ತಿಗೆ, ಉಳಿ, ಸ್ಪ್ಯಾನರ್ ಎಲ್ಲವನ್ನೂ ತೊಳೆದು ಪೂಜೆಗಿಟ್ಟಿದ್ದ ಮನೆಯ ಕೋವಿಯ ಪಕ್ಕದಲ್ಲಿಟ್ಟು, ಗಂಧ ಹಚ್ಚಿ ಹೂ ಮುಡಿಸಿಬಿಟ್ಟಿದ್ದಳು.

“ಪೂಜೆಗೆ ಇಟ್ಟದ್ದನ್ನ ಮುಟ್ಟುದುಂಟಾ? ನಾಳೆ ಪೂಜೆ ಮುಗೀಲಿ,” ಎಂದಳು.

ಸುತ್ತಿಗೆಯಿಲ್ಲದೆ ಹಳೆಯ ಬೇರಿಂಗನ್ನು ಹೊಡೆದು ಹೊರತೆಗೆಯುವಂತಿಲ್ಲ. ಇದ್ದ ವಿಷಯ ಹೇಳಿದ್ದರೆ ಪದ್ಮಯ್ಯ ಒಪ್ಪುತ್ತಿದ್ದರು, ಅವರೂ ಹಬ್ಬ ಮಾಡುವವರೇ. ಇವನು ಹಳೆಯದಕ್ಕೇ ಗ್ರೀಸು ತುಂಬಿ, ಮೋಟಾರ್ ಸೈಕಲ್ಲಿನ ಪೆಟ್ಟಿಗೆಯಲ್ಲೇ ಇದ್ದ ಸ್ಪ್ಯಾನರಿನಿಂದ ಚಕ್ರ ಬಿಗಿದ. ಹಬ್ಬ ಕಳೆಯಲಿ, ಏನಾದರೂ ನೆಪ ಹೇಳಿ ಬದಲಾಯಿಸಿದರಾಯಿತು ಎಂದುಕೊಂಡ.

“ಹೊಸದು ಹಾಕಿದ್ಯಾ ಮಾರಾಯ?” ಸಂಜೆ ಬಂದ ಪದ್ಮಯ್ಯ ಕೇಳಿದರು.

“ಹಾಕಿದೆ ಅಣ್ಣ.”

ಮರುದಿನ ಇವನು ಸುತ್ತಿಗೆಗೆ ಕೈಮುಗಿಯುತ್ತಿದ್ದಾಗಲೇ, ಸಿದ್ದಾಪುರದ ಇಳಿಜಾರಿನಲ್ಲಿ ಬೇರಿಂಗ್ ಒಡೆದು ಚಕ್ರ ಕಚ್ಚಿಕೊಂಡಿತು. ಪದ್ಮಯ್ಯನವರ ಮೊಣಕಾಲು ನುಚ್ಚಾಯಿತು. ಮುರಿದ ಗಾಡಿ ಬಂದದ್ದೂ ಗುರುವಪ್ಪನ ಅಂಗಡಿಗೇ. ಒಬ್ಬನೇ ಕೂತು ಬಿಚ್ಚಿದ, ಒಬ್ಬನೇ ನೋಡಿದ, ಹೊಸ ಬೇರಿಂಗನ್ನು ಆಗ ಹಾಕಿದ.

ಆ ಕಾಲನ್ನು ಮತ್ತೆ ಮಡಚಲಾಗಲಿಲ್ಲ. ಗಾಡಿ ಓಡಿಸಲಾಗದಿದ್ದರೆ ಕೆಲಸವೂ ಹೋಗುತ್ತಿತ್ತು. ‘ನಾನು ಓಡಿಸುತ್ತೇನೆ’ ಎಂದು ಗುರುವಪ್ಪ ಅಂಗಡಿಗೆ ಬಾಗಿಲು ಹಾಕಿದ. ಊರು ಕೊಂಡಾಡಿತು. ಅದಕ್ಕಿಂತ ಕಷ್ಟವಾದದ್ದು ಹಿಂದೆ ಕೂತವರ ಮಾತು. ಕೂಲಿಯವರ ಮನೆಗಳಿದ್ದ ಪ್ರತಿ ಲೈನಿನಲ್ಲೂ ಮದ್ದು ಕೊಡುತ್ತಾ ಪದ್ಮಯ್ಯ ಅದನ್ನೇ ಹೇಳುತ್ತಿದ್ದರು: “ಇವ ಹೊಸ ಬೇರಿಂಗ್ ಹಾಕಿಕೊಟ್ಟಿದ್ದ. ಜೋರು ಬಿಟ್ಟದ್ದು ನಾನು. ತಪ್ಪು ನಂದೇ.” ಹೊಗಳಿಕೆಯಲ್ಲೇ ಬೇಯುವುದು ಎಂದರೇನೆಂದು ಆ ವರ್ಷ ಗುರುವಪ್ಪನಿಗೆ ತಿಳಿಯಿತು.

ಮತ್ತೆ ಕೈಲುಮುಹೂರ್ತ ಬಂತು. ಹಿಂದಿನ ದಿನ, ಎಸ್ಟೇಟಿನ ಏರು ಹತ್ತುವಾಗ ಪದ್ಮಯ್ಯ ಹಿಂದಿನಿಂದ ಕೂಗಿ ಹೇಳಿದರು: “ಇವತ್ತು ಬೇಗ ಹೋಗುವ. ನೀನು ಸಾಮಾನೆಲ್ಲ ತೊಳೆದು ಪೂಜೆಗೆ ಇಡಬೇಕಲ್ಲ?”

ಗುರುವಪ್ಪ ಗಾಡಿ ನಿಲ್ಲಿಸಿ ಇಂಜಿನ್ ಆರಿಸಿದ.

“ಹೋದ ವರ್ಷ ಇಟ್ಟಿದ್ದೆ ಅಣ್ಣ. ಇಟ್ಟ ಸುತ್ತಿಗೆ ಮುಟ್ಟಬಾರ್ದು ಅಂತ ಹಳೇ ಬೇರಿಂಗೇ ಬಿಟ್ಟೆ. ನಿಮ್ಗೆ ಸುಳ್ಳು ಹೇಳಿದೆ.”

ಪದ್ಮಯ್ಯ ಸೆಟೆದ ಕಾಲನ್ನು ಎರಡೂ ಕೈಯಿಂದ ಎತ್ತಿ ಕೆಳಗಿಳಿದರು. ಮದ್ದಿನ ಪೆಟ್ಟಿಗೆಯನ್ನು ತಾವೇ ಬಿಚ್ಚಿ ಹೆಗಲಿಗೆ ಹಾಕಿಕೊಂಡು ಏರು ಹತ್ತತೊಡಗಿದರು.

“ಕೂತ್ಕೊಳ್ಳಿ ಅಣ್ಣ, ಲೈನಿಗೆ ಇನ್ನೂ ದೂರ ಉಂಟು.”

“ನಡೀತೇನೆ,” ಎಂದರು, ತಿರುಗಿ ನೋಡದೆ.

ಗುರುವಪ್ಪ ಹಿಂದೆಯೇ ಗಾಡಿ ತಳ್ಳಿಕೊಂಡು ನಡೆದ. ಹೊಸ ಬೇರಿಂಗಿನ ಚಕ್ರ ಒಂದಿಷ್ಟೂ ಸದ್ದಿಲ್ಲದೆ ತಿರುಗುತ್ತಿತ್ತು. ಮುಂದೆ ಎಳೆಯುತ್ತಿದ್ದ ಕಾಲಿನ ಸದ್ದೊಂದೇ ಕೇಳುತ್ತಿತ್ತು.